ಆಸ್ಪತ್ರೆ ಹತ್ತಿರವಿದ್ದರೂ ಮನೆಯಲ್ಲಿಯೇ ಹೆರಿಗೆ ಏಕೆ?

ಹಳ್ಳಿಗಾಡಿನಲ್ಲಿ ಒಬ್ಬ ಹೆಂಗಸು ಮನೆಯಲ್ಲಿಯೇ ಹೆತ್ತಳೆಂದರೆ ಅದಕ್ಕೆ ಕಾರಣವನ್ನು ನಾವು ಬಹಳವಾಗಿ ಹುಡುಕಬೇಕಾಗಿಲ್ಲ. ಆಸ್ಪತ್ರೆ ಹರದಾರಿಗಳ ದೂರದಲ್ಲಿದೆ. ನಡುವೆ ಹಳ್ಳವೊಂದು ತುಂಬಿ ಹರಿಯುತ್ತಿದೆ. ರಾತ್ರಿಯ ಹೊತ್ತಿನಲ್ಲಿ ಗಾಡಿ ದೊರೆಯುವುದಿಲ್ಲ. ಆದರೆ ಮುಂಬಯಿಯಂತಹ ಮಹಾನಗರದ ಕೊಳೆಗೇರಿಯೊಂದರಲ್ಲಿ, ಆಸ್ಪತ್ರೆಯ ದೀಪಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಹತ್ತಡಿ ಅಗಲದ ತಗಡಿನ ಮನೆಯ ನೆಲದ ಮೇಲೆ ಮಗುವೊಂದು ಹುಟ್ಟಿತೆಂದರೆ ನಮಗೆ ಆಶ್ಚರ್ಯವಾಗುತ್ತದೆ. ದೂರವೆಂಬ ಉತ್ತರ ಇಲ್ಲಿ ಸಲ್ಲುವುದಿಲ್ಲ. ಆಗ ನಮ್ಮ ಬಾಯಿಗೆ ಥಟ್ಟನೆ ಬರುವ ಮಾತು ‘ಅಜ್ಞಾನ’ ಎಂಬುದು. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲು ಅಂಕಿಗಳು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹೆರಿಗೆಗಳಲ್ಲಿ ಶೇಕಡ 39ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ನಗರಗಳನ್ನಷ್ಟೇ ತೆಗೆದುಕೊಂಡರೂ ಮೂರರಲ್ಲಿ ಒಂದು ಹೆರಿಗೆ ಮನೆಯಲ್ಲಿಯೇ ನಡೆಯುತ್ತಿತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಆಸ್ಪತ್ರೆಯ ಹೆರಿಗೆಗಳು ದೇಶದಲ್ಲಿ ಶೇಕಡ 89ಕ್ಕೂ, ನಗರಗಳಲ್ಲಿ ಶೇಕಡ 94ಕ್ಕೂ, ಕರ್ನಾಟಕದಲ್ಲಿ ಶೇಕಡ 97ಕ್ಕೂ ಏರಿದ್ದವು. ಇದು ಸಣ್ಣ ಬದಲಾವಣೆಯಲ್ಲ. ಹಾಗಿದ್ದರೂ ನಗರಗಳಲ್ಲಿ ನೂರಕ್ಕೆ ಆರರಷ್ಟು ಹೆರಿಗೆಗಳು ಹೊರಗೇ ಉಳಿದುವು; ಇಂಥವು ಊರಿನ ಎಲ್ಲ ಬಡಾವಣೆಗಳಲ್ಲಿಯೂ ಸಮನಾಗಿ ಹಂಚಿಹೋಗಿರುವುದಿಲ್ಲ.

ಈ ಹಂಚಿಕೆ ಹೇಗಿರುತ್ತದೆಂಬುದನ್ನು ಮುಂಬಯಿಯ ಒಂದು ಅಧ್ಯಯನ ಚೆನ್ನಾಗಿ ತೋರಿಸಿಕೊಟ್ಟಿದೆ. 2005ರಿಂದ 2007ರವರೆಗೆ, ಎರಡು ವರ್ಷಗಳ ಕಾಲ, ಆ ನಗರದ ಆರು ವಾರ್ಡುಗಳ ಕೊಳೆಗೇರಿಗಳಲ್ಲಿ ಆದ ಹೆರಿಗೆಗಳನ್ನೆಲ್ಲ ಬರೆದಿಟ್ಟು, 2010ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಲಾಯಿತು. ಲೆಕ್ಕಕ್ಕೆ ಬಂದ 10,754 ಹೆರಿಗೆಗಳಲ್ಲಿ 1,708, ಎಂದರೆ ಶೇಕಡ 16, ಮನೆಯಲ್ಲಿ ಆಗಿದ್ದವು. ಒಂದು ಪ್ರದೇಶದಲ್ಲಿ ಶೇಕಡ 6ರಷ್ಟಿದ್ದರೆ ಇನ್ನೊಂದರಲ್ಲಿ ಶೇಕಡ 24ರವರೆಗೂ ಇತ್ತು. ಒಂದೇ ನಗರ, ಒಂದೇ ಪಾಲಿಕೆ. ಆದರೂ ನಾಲ್ಕು ಪಟ್ಟು ವ್ಯತ್ಯಾಸ. ಮನೆಯಲ್ಲಿ ಹೆತ್ತವರ ಪೈಕಿ ಶೇಕಡ 70 ಮಂದಿಯ ಬಳಿ ದಾಯಿ, ಎಂದರೆ ನಮ್ಮ ಸೂಲಗಿತ್ತಿ, ಇದ್ದಳು. ತರಬೇತಿ ಹೊಂದಿದ ವೈದ್ಯರೋ ದಾದಿಯರೋ ಇದ್ದದ್ದು ಶೇಕಡ 6ರಲ್ಲಿ ಮಾತ್ರ. ಉಳಿದ ತಾಯಂದಿರಿಗೆ ಇವರಾರೂ ಇರಲಿಲ್ಲ.

ಮನೆಯಲ್ಲಿಯೇ ಹೆತ್ತುದೇಕೆಂದು ಕೇಳಿದಾಗ ಅತಿ ಹೆಚ್ಚಾಗಿ ದೊರೆತ ಉತ್ತರಗಳು ಎರಡು. ‘ನಮ್ಮಲ್ಲಿ ಹಾಗೆಯೇ ರೂಢಿ’ ಎಂಬುದು ಒಂದು. ‘ಆಸ್ಪತ್ರೆಗೆ ಹೋಗಲು ಹೊತ್ತಾಗಲಿಲ್ಲ’ ಎಂಬುದು ಮತ್ತೊಂದು. ಅಧ್ಯಯನ ಮಾಡಿದವರು ಇಷ್ಟಕ್ಕೇ ನಿಲ್ಲದೆ, ಯಾರ ಮನೆಗಳಲ್ಲಿ ಇಂಥ ಹೆರಿಗೆಗಳು ಹೆಚ್ಚು ಎಂಬುದನ್ನೂ ತೂಗಿ ನೋಡಿದರು. ಓದು ಬಾರದಿರುವುದು, ಬಡತನ, ಹಿಂದೆಯೇ ಹಲವು ಮಕ್ಕಳಾಗಿರುವುದು, ಮನೆ ಹರಕುಮುರುಕಾಗಿರುವುದು, ನೀರಿನ ಅಭಾವ, ಊರಿಂದೂರಿಗೆ ಅಲೆಯುವ ಬಾಳು, ಕೇರಿಯು ಅಪಾಯದ ಜಾಗದಲ್ಲಿರುವುದು, ಇವೆಲ್ಲವೂ ಮನೆಯ ಹೆರಿಗೆಯ ಸಂಭವವನ್ನು ಹೆಚ್ಚಿಸುತ್ತವೆಂದು ಕಂಡುಬಂತು. ಓದುಗರು ಗಮನಿಸಬೇಕು: ಈ ಪಟ್ಟಿಯಲ್ಲಿ ಅಜ್ಞಾನವೆಂದು ಕರೆಯಬಹುದಾದದ್ದು ಒಂದೇ ಒಂದು. ಮಿಕ್ಕವು ನೀರಿಗೂ ನೆಲಕ್ಕೂ ಹಣಕ್ಕೂ ಹೊತ್ತಿಗೂ ಸಂಬಂಧಪಟ್ಟವು.

‘ಹೊತ್ತಾಗಲಿಲ್ಲ’ ಎಂಬ ಉತ್ತರವನ್ನು ನೆಪವೆಂದು ತಳ್ಳಿಹಾಕುವವರುಂಟು. ಒಂಬತ್ತು ತಿಂಗಳ ಕಾಲವಿದ್ದು ಹೊತ್ತಿಲ್ಲವೆಂದರೇನು ಎಂದು ಅವರು ಕೇಳುತ್ತಾರೆ. ಆದರೆ ಈ ಉತ್ತರದ ಹಿಂದೆ ಶರೀರಶಾಸ್ತ್ರದ ಒಂದು ನಿಯಮವಿದೆ. ಚೊಚ್ಚಲ ಹೆರಿಗೆಯಲ್ಲಿ ಗರ್ಭಕೋಶದ ಕೊರಳು ಮೊದಲು ತೆಳುವಾಗಿ, ಅನಂತರ ಮೆಲ್ಲಮೆಲ್ಲನೆ ಹಿಗ್ಗಿ, 10 ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಇದಕ್ಕೆ ಸಾಮಾನ್ಯವಾಗಿ ಹನ್ನೆರಡು ಹದಿನಾಲ್ಕು ಗಂಟೆಗಳು ಹಿಡಿಯುತ್ತವೆ. ಒಮ್ಮೆ ಹಿಗ್ಗಿದ ಕೊರಳು ಮುಂದಿನ ಸಲ ಅಷ್ಟು ಬಿಗಿಯಾಗಿರುವುದಿಲ್ಲ. ಎರಡನೆಯ ಮೂರನೆಯ ಹೆರಿಗೆಗಳು ಆರೆಂಟು ಗಂಟೆಗಳಲ್ಲಿ, ಎಷ್ಟೋ ಸಲ ಅದಕ್ಕಿಂತ ಬೇಗನೆ, ಮುಗಿದುಹೋಗುತ್ತವೆ. ಕೊರಳು ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಅರ್ಧ ಗಂಟೆಯೂ ಬೇಡದಿರಬಹುದು.

ಈಗ ಅಂಥ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿಯ ಕಡೆಯಿಂದ ಗುಳೆ ಬಂದು ಮುಂಬಯಿಯಲ್ಲಿ ನೆಲೆನಿಂತ ಸಂಸಾರ. ಗಂಡನದು ಗಾರೆ ಕೆಲಸ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಅವಳಿಗಿದು ಮೂರನೆಯ ಹೆರಿಗೆ. ರಾತ್ರಿ ಹನ್ನೊಂದಕ್ಕೆ ಸೊಂಟದಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು. ಇದು ನಿಜವಾದ ನೋವೋ ಸುಳ್ಳು ನೋವೋ ತಿಳಿಯದು. ಸುಳ್ಳು ನೋವೆಂದಾದರೆ ಆಸ್ಪತ್ರೆಯವರು ‘ನಾಳೆ ಬಾ’ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಹೋಗಿಬರುವ ಆಟೋ ಬಾಡಿಗೆ ದಂಡವಾಗುತ್ತದೆ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುತ್ತದೆ. ಸಾಲಿನಲ್ಲಿ ನಿಂತು ಹಿಡಿಯದಿದ್ದರೆ ಆ ದಿನಕ್ಕೆ ನೀರಿಲ್ಲ. ಮಲಗಿರುವ ಮಕ್ಕಳನ್ನು ಯಾರ ಬಳಿ ಬಿಡುವುದು? ‘ಇನ್ನೂ ಸ್ವಲ್ಪ ನೋಡೋಣ’ ಎಂದು ಅವಳು ತಡೆದಳು. ನಸುಕಿನಲ್ಲಿ ನೋವು ಬಲಿಯಿತು. ಇಬ್ಬರು ಎದುರುಬದುರಾಗಿ ನಡೆಯಲಾರದ ಓಣಿ. ಆಟೋ ನಿಲ್ಲುವುದು ದೊಡ್ಡ ರಸ್ತೆಯಲ್ಲಿ. ಆ ಸ್ಥಿತಿಯಲ್ಲಿ ಅಷ್ಟು ದೂರ ನಡೆಯುವುದಾಗದೆ ಅವಳು ಮತ್ತೆ ಒಳಕ್ಕೆ ಬಂದು ಮಲಗಿದಳು. ನೆರೆಮನೆಯಾಕೆ ದಾಯಿಯನ್ನು ಕರೆಯಲು ಓಡಿದಳು.

ಈಕೆಯ ತೀರ್ಮಾನಗಳಲ್ಲಿ ಯಾವುದು ಅವಿವೇಕವಾದದ್ದು? ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಎಲ್ಲವೂ ಗೃಹಿಣಿಯ ಎಚ್ಚರದ ಲೆಕ್ಕಗಳೇ. 108ರ ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ, ಮಹಾರಾಷ್ಟ್ರಕ್ಕೆ 2014ರಲ್ಲಿ. ಮೇಲೆ ಹೇಳಿದ ಅಧ್ಯಯನದ ಕಾಲದಲ್ಲಿ ಮುಂಬಯಿಯ ಬಡವರಿಗೆ ಅದೂ ಇರಲಿಲ್ಲ. ಈಗ ಇದ್ದರೂ ಅದು ಓಣಿಯೊಳಕ್ಕೆ ಬರಲಾರದು.

ಹೆರಿಗೆಯಲ್ಲಿ ಸಾಯುವವರ ವಿಷಯವನ್ನು ಅಭ್ಯಾಸ ಮಾಡಿದ ಥ್ಯಾಡಿಯಸ್ ಮತ್ತು ಮೇಯ್ನ್ ಎಂಬಿಬ್ಬರು ವಿದ್ವಾಂಸರು 1994ರಲ್ಲಿ ಮೂರು ಬಗೆಯ ವಿಳಂಬಗಳನ್ನು ಗುರುತಿಸಿದರು. ಹೋಗಬೇಕೆಂಬ ತೀರ್ಮಾನಕ್ಕೆ ಬರುವುದರಲ್ಲಿ ಮೊದಲನೆಯದು, ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ಎರಡನೆಯದು, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ಮೂರನೆಯದು. ಅವರು ಹೇಳಿದ ಇನ್ನೊಂದು ಮಾತು ಹೆಚ್ಚು ಮುಖ್ಯವಾದುದು: ಮೂರನೆಯ ವಿಳಂಬದ ಅನುಭವ ಒಮ್ಮೆ ಆದವರು ಮುಂದಿನ ಸಲ ಮೊದಲನೆಯ ವಿಳಂಬವನ್ನು ತಾವಾಗಿಯೇ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಏನು ನಡೆಯುತ್ತದೆಂಬ ಸುದ್ದಿ ಓಣಿಯನ್ನು ಬಹು ಬೇಗ ಸೇರುತ್ತದೆ.

ಹಣದ ಲೆಕ್ಕವನ್ನೂ ನೋಡೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತವೆಂದು ಫಲಕ ಬರೆದಿರುತ್ತದೆ. ಆದರೆ ಆಟೋ ಬಾಡಿಗೆ, ಹೊರಗಿನಿಂದ ತರಿಸುವ ಔಷಧಿ, ಗಂಡ ಕಳೆದುಕೊಳ್ಳುವ ದಿನಗೂಲಿ, ಆಯಾಗಳಿಗೆ ಕೊಡಬೇಕಾಗಿ ಬರುವ ‘ಖುಷಿ’ ಇವು ಫಲಕದಲ್ಲಿ ಇರುವುದಿಲ್ಲ. (ಗಂಡು ಮಗುವಾದರೆ ಖುಷಿಯ ದರ ಹೆಚ್ಚು ಎಂಬುದು ನಮ್ಮ ದೇಶದ ಹೆರಿಗೆ ವಾರ್ಡುಗಳನ್ನು ಕಂಡವರೆಲ್ಲರಿಗೂ ತಿಳಿದ ಕಥೆ.) ಮುಂಬಯಿಯ ಅಧ್ಯಯನದಲ್ಲಿ ಎಲ್ಲವನ್ನೂ ಕೂಡಿಸಿದಾಗ ಮನೆಯ ಹೆರಿಗೆಯೇ ಅಗ್ಗವಾಗಿ ಕಂಡಿತು, ಸರ್ಕಾರಿ ಆಸ್ಪತ್ರೆಯದು ಅದಕ್ಕಿಂತ ಸ್ವಲ್ಪ ಹೆಚ್ಚು, ಖಾಸಗಿಯವರದು ಹಲವು ಪಟ್ಟು ಹೆಚ್ಚು. ದಾಯಿಗಾದರೋ ಕಂತಿನ ಮೇಲೆ ಕೊಡಬಹುದು, ಸೀರೆಯ ರೂಪದಲ್ಲಿ ಕೊಡಬಹುದು. ಮಗುವಿಗೂ ಬಾಣಂತಿಗೂ ಕೆಲವು ದಿನ ಎಣ್ಣೆನೀರು ಹಾಕುವುದು ಅವಳ ಕೆಲಸದಲ್ಲಿಯೇ ಸೇರಿರುತ್ತದೆ.

ಸರ್ಕಾರದ ನೆರವೂ ಬಹುಕಾಲ ತಲೆಕೆಳಗಾಗಿಯೇ ನಡೆಯಿತೆನ್ನಬೇಕು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯ ಹಣ ಕರ್ನಾಟಕ, ಮಹಾರಾಷ್ಟ್ರಗಳಂತಹ ರಾಜ್ಯಗಳಲ್ಲಿ 19 ವರ್ಷ ತುಂಬಿದ ಬಡ ಮತ್ತು ಪರಿಶಿಷ್ಟ ವರ್ಗಗಳ ತಾಯಂದಿರಿಗೆ, ಅದೂ ಎರಡು ಹೆರಿಗೆಗಳಿಗೆ ಮಾತ್ರ, ದೊರೆಯುತ್ತಿತ್ತು. ಬೇಗನೆ ಆಗಿಬಿಡುವ, ಮನೆಯಲ್ಲಿಯೇ ಆಗುವ ಸಂಭವ ಹೆಚ್ಚಾಗಿರುವ ಮೂರನೆಯ ನಾಲ್ಕನೆಯ ಹೆರಿಗೆಗಳಿಗೆ ಬಾಗಿಲು ಮುಚ್ಚಿತ್ತು. ಕುಟುಂಬ ಚಿಕ್ಕದಾಗಲೆಂಬುದು ಉದ್ದೇಶವಿರಬಹುದು. ಆದರೆ ಗರ್ಭದಲ್ಲಿರುವ ಮಗು ಆ ನಿಬಂಧನೆಯನ್ನು ಓದಿಕೊಂಡು ಬಂದಿರುವುದಿಲ್ಲ. 2013ರಲ್ಲಿ ಈ ನಿಬಂಧನೆಗಳನ್ನು ತೆಗೆದುಹಾಕಲಾಯಿತು. ಅದಕ್ಕೆ ಮೊದಲೇ, 2011ರಲ್ಲಿ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ, ವಾಹನ ಎಲ್ಲವನ್ನೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವೆಂದು ಸಾರಿತ್ತು. ಸಮೀಕ್ಷೆಯ ಅಂಕಿಗಳು ಶೇಕಡ 39ರಿಂದ 89ಕ್ಕೆ ಏರಿದ್ದು ಈ ವರ್ಷಗಳಲ್ಲಿಯೇ. ಹದಿನೈದು ವರ್ಷಗಳಲ್ಲಿ ದೇಶದ ಹೆಂಗಸರೆಲ್ಲ ಒಮ್ಮೆಗೇ ಜ್ಞಾನಿಗಳಾದರೆಂದು ನಂಬುವುದಕ್ಕಿಂತ, ಲೆಕ್ಕದ ತಕ್ಕಡಿ ಇನ್ನೊಂದು ಕಡೆಗೆ ವಾಲಿತೆಂದು ನಂಬುವುದು ಸುಲಭ.

ಇನ್ನು ಭಯದ ಮಾತು. ಬಡ ಹೆಂಗಸರಿಗೆ ಆಸ್ಪತ್ರೆಯೆಂದರೆ ಭಯ. ಇದನ್ನು ಮೌಢ್ಯವೆಂದು ನಗುವ ಮೊದಲು ವಿಯೆನ್ನಾ ನಗರದ ಒಂದು ಹಳೆಯ ಪ್ರಸಂಗವನ್ನು ನೆನೆಯುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿನ ಮಹಾ ಆಸ್ಪತ್ರೆಯಲ್ಲಿ ಬಡವರಿಗಾಗಿ ಎರಡು ಉಚಿತ ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1841ರಿಂದ 1846ರವರೆಗಿನ ಲೆಕ್ಕದಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಸುಮಾರು ಹತ್ತು ತಾಯಂದಿರು ಸತ್ತರೆ, ಎರಡನೆಯದರಲ್ಲಿ ನಾಲ್ವರೂ ಸಾಯುತ್ತಿರಲಿಲ್ಲ. ಸೇರಿಸಿಕೊಳ್ಳುವ ದಿನಗಳು ಸರದಿಯ ಮೇಲೆ ಬದಲಾಗುತ್ತಿದ್ದವು. ಮೊದಲನೆಯ ವಿಭಾಗದ ಸರದಿಯಿದ್ದ ದಿನ ಬಂದ ಹೆಂಗಸರು ತಮ್ಮನ್ನು ಅಲ್ಲಿಗೆ ಹಾಕಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಕೆಲವರು ಬೀದಿಯಲ್ಲಿಯೇ ಹೆತ್ತು, ದಾರಿಯಲ್ಲಿ ಹೆರಿಗೆಯಾಯಿತೆಂದು ಹೇಳಿಕೊಂಡು ಆಮೇಲೆ ಆಸ್ಪತ್ರೆಗೆ ಬರುತ್ತಿದ್ದರು. ಹಾಗೆ ಬೀದಿಯಲ್ಲಿ ಹೆತ್ತವರಿಗೆ ಸೂತಿಕಾಜ್ವರ ಬಲು ಅಪರೂಪವೆಂಬುದನ್ನು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಗಮನಿಸಿದನು. ಹೆಣ ಕೊಯ್ದ ಕೈಗಳಿಂದಲೇ ವಿದ್ಯಾರ್ಥಿಗಳು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದುದು ಜ್ವರಕ್ಕೆ ಕಾರಣವೆಂದು ಅವನು ಊಹಿಸಿ, 1847ರ ಮೇ ತಿಂಗಳಿನಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು. 1848ರಲ್ಲಿ ಎರಡೂ ವಿಭಾಗಗಳ ಮರಣ ಪ್ರಮಾಣ ನೂರಕ್ಕೆ ಒಂದರ ಆಸುಪಾಸಿಗೆ ಇಳಿದು ಸಮನಾಯಿತು. ವಿದ್ವಾಂಸರಿಗೆ ತಿಳಿಯದಿದ್ದುದು ಆ ಬಡ ಹೆಂಗಸರಿಗೆ ಅನುಭವದಿಂದ ತಿಳಿದಿತ್ತು.

ಇಂದಿನ ಆಸ್ಪತ್ರೆಗಳಲ್ಲಿ ಆ ಜ್ವರದ ಭಯವಿಲ್ಲ. ಈಗಿನ ಭಯ ಬೇರೆಯದು. ನೋವಿನಿಂದ ಕೂಗಿದರೆ ಗದರಿಕೆ, ಒಮ್ಮೊಮ್ಮೆ ಏಟು, ‘ಹೆರುವಾಗ ನೆನಪಾಯಿತೇ?’ ಎಂಬಂಥ ಮಾತು. ಒಂದೇ ಮಂಚದ ಮೇಲೆ ಇಬ್ಬರು. ತಾಯಿಯಾಗಲಿ ಅತ್ತೆಯಾಗಲಿ ಒಳಗೆ ಬರುವಂತಿಲ್ಲ. ಮನೆಯಲ್ಲಾದರೆ ಕುಕ್ಕುರುಗಾಲಿನಲ್ಲಿ ಕೂತು, ಅತ್ತಿಗೆಯ ಹೆಗಲು ಹಿಡಿದು ಹೆರಬಹುದು. ಹೆರಿಗೆಯ ಕೊಠಡಿಗಳ ಅವಮಾನ ಅನೇಕ ದೇಶಗಳಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಬಹಿರಂಗವಾಗಿ ಹೇಳಿತು. ನಂಬಿಕೆಯ ಹೆಂಗಸೊಬ್ಬಳು ಜೊತೆಗಿದ್ದರೆ ನೋವಿನ ಅವಧಿ ಕಡಿಮೆಯಾಗುವುದೂ, ಶಸ್ತ್ರಚಿಕಿತ್ಸೆಯ ಅಗತ್ಯ ತಗ್ಗುವುದೂ ಪ್ರಯೋಗಗಳಿಂದ ಸಿದ್ಧವಾಗಿದೆ. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಇದಕ್ಕೆ ಅನುಮತಿಯಿತ್ತಿತು. ಅನುಮತಿ ಬಂದಲ್ಲೆಲ್ಲ ಬಾಗಿಲು ತೆರೆಯಿತೆಂದು ತಿಳಿಯಬಾರದು. ಹತ್ತು ಮಂಚಗಳ ನಡುವೆ ಒಂದು ಪರದೆಯೂ ಇಲ್ಲದ ಕೊಠಡಿಯೊಳಕ್ಕೆ ಹೊರಗಿನವರನ್ನು ಬಿಡುವುದು ಹೇಗೆಂಬ ದಾದಿಯರ ಪ್ರಶ್ನೆಯೂ ನ್ಯಾಯವಾದುದೇ.

ಭಯದ ಜೊತೆಗೆ ಕಾಗದಪತ್ರಗಳ ಕಾಟ. ಗರ್ಭಿಣಿಯು ಮೊದಲೇ ಹೆಸರು ಬರೆಸಿ, ತಪಾಸಣೆಗಳನ್ನು ಮಾಡಿಸಿಕೊಂಡು, ಕಾರ್ಡು ಪಡೆದಿರಬೇಕೆಂಬುದು ಒಳ್ಳೆಯ ಪದ್ಧತಿಯೇ. ಕರ್ನಾಟಕದ ತಾಯಿ ಕಾರ್ಡು ಇಂಥದು. ಆದರೆ ಮೂರು ತಿಂಗಳು ಒಂದು ಕಟ್ಟಡದ ಬಳಿ, ಮೂರು ತಿಂಗಳು ಇನ್ನೊಂದರ ಬಳಿ ಗುಡಿಸಲು ಹಾಕಿಕೊಳ್ಳುವವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಒಳ್ಳೆಯದಕ್ಕೆಂದು ಮಾಡಿದ ಕಾರ್ಡು ಆಗ ಬಾಗಿಲಿನ ಅಗುಳಿಯಾಗುತ್ತದೆ. 2022ರ ನವೆಂಬರಿನಲ್ಲಿ ತುಮಕೂರು ನಗರದಲ್ಲಿ ಹೆರಿಗೆ ನೋವಿನಿಂದ ಸರ್ಕಾರಿ ಆಸ್ಪತ್ರೆಗೆ ಬಂದ ಬಡ ಗರ್ಭಿಣಿಯೊಬ್ಬಳನ್ನು ಆಧಾರ್, ತಾಯಿ ಕಾರ್ಡುಗಳಿಲ್ಲವೆಂದು ಸೇರಿಸಿಕೊಳ್ಳಲಿಲ್ಲವೆಂಬ ಆರೋಪ ಬಂತು. ಆಕೆ ಮನೆಗೆ ಮರಳಿ, ಅಲ್ಲಿಯೇ ಹೆತ್ತು, ಅವಳಿ ಶಿಶುಗಳೊಡನೆ ತೀರಿಕೊಂಡಳು. ವೈದ್ಯರೂ ದಾದಿಯರೂ ಅಮಾನತ್ತಾದರು. ತುರ್ತಿನ ಸಮಯದಲ್ಲಿ ಕಾಗದಪತ್ರ ಕೇಳಕೂಡದೆಂದು ಸರ್ಕಾರ ಹೇಳಿತು. ಆ ಮನೆಯ ಹೆರಿಗೆಯನ್ನು ಆಕೆಯ ಆಯ್ಕೆಯೆಂದು ಯಾರು ಕರೆದಾರು?

ಇಷ್ಟೆಲ್ಲ ಕಾರಣಗಳಿದ್ದರೆ ಮನೆಯಲ್ಲಿಯೇ ಹೆತ್ತರೇನು ತಪ್ಪು ಎಂದು ಓದುಗರು ಕೇಳಬಹುದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರಾಗಿ, 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಕೈಗಳಿಗೆ ನಮ್ಮ ನಾಡು ಋಣಿಯಾಗಿದೆ. ಆದರೆ ಎಷ್ಟೇ ನುರಿತ ಕೈಯಾದರೂ ಬರಿಗೈಯಿಂದ ತಡೆಯಲಾರದ ಒಂದು ಗಂಡಾಂತರವಿದೆ, ಅದು ರಕ್ತಸ್ರಾವ.

ತುಂಬು ಬಸುರಿನ ಗರ್ಭಕೋಶಕ್ಕೆ ಪ್ರತಿ ನಿಮಿಷಕ್ಕೂ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿದುಬರುತ್ತದೆ. ಮಗು ಹುಟ್ಟಿ, ಮಾಸು ಕಳಚಿಕೊಂಡಾಗ ಆ ಜಾಗದ ರಕ್ತನಾಳಗಳು ಬಾಯ್ತೆರೆದ ನಲ್ಲಿಗಳಂತಾಗುತ್ತವೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಅದರ ಎಳೆಗಳು ಒಂದಕ್ಕೊಂದು ಅಡ್ಡಡ್ಡಲಾಗಿ ಹೆಣೆದುಕೊಂಡಿವೆ. ಸ್ನಾಯು ಗಟ್ಟಿಯಾಗಿ ಕುಗ್ಗಿದಾಗ ನಡುವಿನ ರಕ್ತನಾಳಗಳು ಹಿಸುಕಿಕೊಂಡು ಮುಚ್ಚುತ್ತವೆ. ಸ್ನಾಯು ದಣಿದು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಗರ್ಭಿಣಿಯ ದೇಹದಲ್ಲಿರುವ ಒಟ್ಟು ರಕ್ತ ಐದಾರು ಲೀಟರು ಮಾತ್ರ. ತೀವ್ರವಾದ ಸ್ರಾವವಾದರೆ ಎರಡು ಗಂಟೆಗಳೊಳಗೆ ಪ್ರಾಣ ಹೋಗಬಹುದು. 2019-21ರ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ಶೇಕಡ 52 ಮಂದಿಗೆ ರಕ್ತಹೀನತೆಯಿತ್ತು. ಅಂಥವರು ಸಹಿಸಬಲ್ಲ ನಷ್ಟ ಇನ್ನೂ ಕಡಿಮೆ. ಈ ಸ್ರಾವ ಯಾರಿಗೆ ಆಗುವುದೆಂದು ಮುಂಚಿತವಾಗಿ ನಿಶ್ಚಯವಾಗಿ ಹೇಳುವ ವಿಧಾನವಿಲ್ಲ. ಹಿಂದಿನ ಎರಡು ಹೆರಿಗೆಗಳು ಸಲೀಸಾಗಿ ಆದವೆಂಬುದು ಮೂರನೆಯದಕ್ಕೆ ಭರವಸೆಯಲ್ಲ. ರೂಢಿಯನ್ನು ನೆಚ್ಚುವ ಲೆಕ್ಕ ತಪ್ಪುವುದು ಇಲ್ಲಿಯೇ.

ಮಗು ಹುಟ್ಟಿದೊಡನೆ ಸ್ನಾಯುವಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರೆ ಗರ್ಭಕೋಶ ಬಿಗಿಯಾಗಿ ಕುಗ್ಗಿ, ಇಂಥ ಸ್ರಾವದ ಸಂಭವ ಬಹುಮಟ್ಟಿಗೆ ತಗ್ಗುತ್ತದೆ. ಈ ಔಷಧಿಯನ್ನು ತಂಪಿನಲ್ಲಿ ಇಡಬೇಕು. ತಗಡಿನ ಮನೆಯ ಬೇಸಗೆಯಲ್ಲಿ ಅದರ ಶಕ್ತಿ ಕುಂದುತ್ತದೆ. ವಿಷಾದದ ಸಂಗತಿಯೆಂದರೆ, ಇದೇ ಔಷಧಿಯನ್ನು ‘ನೋವು ಬರಿಸುವ ಸೂಜಿ’ ಎಂದು ಮಗು ಹುಟ್ಟುವುದಕ್ಕೆ ಮೊದಲೇ ಚುಚ್ಚುವ ಅರೆವೈದ್ಯರು ಇದ್ದಾರೆ. ಆಗ ಗರ್ಭಕೋಶ ಬಿಡುವಿಲ್ಲದೆ ಹಿಂಡಿ, ಮಗುವಿಗೆ ಉಸಿರು ಕಟ್ಟಬಹುದು; ಗರ್ಭಕೋಶವೇ ಸೀಳಿಹೋಗಬಹುದು. ಒಂದೇ ಔಷಧಿ, ಅರ್ಧ ಗಂಟೆ ಹಿಂದೆ ಮುಂದೆ ಆದರೆ ಫಲ ಹೀಗೆ ಬೇರೆಯಾಗುತ್ತದೆ.

ಆದುದರಿಂದ ‘ಆಸ್ಪತ್ರೆಗೆ ಹೋಗಿ’ ಎಂದು ಗೋಡೆಯ ಮೇಲೆ ಬರೆಸುವುದು ಅರ್ಧ ಕೆಲಸವೂ ಅಲ್ಲ. ಓಣಿಗಳಿಗೆ ಹೋಗುವ ಆಶಾ ಕಾರ್ಯಕರ್ತೆಯು ಏಳನೆಯ ತಿಂಗಳಿನಲ್ಲಿಯೇ ಕೇಳಬೇಕಾದ ಪ್ರಶ್ನೆಗಳು ಬೇರೆ. ‘ಅಕ್ಕಾ, ಹೋದ ಸಲ ನೋವು ಶುರುವಾಗಿ ಎಷ್ಟು ಹೊತ್ತಿಗೆ ಮಗುವಾಯಿತು? ರಾತ್ರಿ ನೋವು ಬಂದರೆ ಮಕ್ಕಳು ಯಾರ ಹತ್ತಿರ ಮಲಗುತ್ತಾರೆ? ಓಣಿಯ ಬಾಯಿಗೆ ಆಟೋ ತರಿಸುವವರು ಯಾರು? ದಾಯಿ ನಿನ್ನ ಜೊತೆಯಲ್ಲಿ ಆಸ್ಪತ್ರೆಗೆ ಬರುತ್ತಾಳೆಯೇ?’ ಹೋದ ಸಲ ನಾಲ್ಕೇ ಗಂಟೆಗಳಲ್ಲಿ ಹೆತ್ತವಳಿಗೆ ಈ ಸಲ ಮೊದಲ ನೋವಿನಲ್ಲಿಯೇ ಹೊರಡಬೇಕೆಂದು ಹೇಳಬೇಕು. ಅದು ಸುಳ್ಳು ನೋವೇ ಆದರೂ, ನಡುರಾತ್ರಿಯಲ್ಲಿ ಆಕೆಯನ್ನು ‘ನಾಳೆ ಬಾ’ ಎಂದು ಹಿಂದಕ್ಕೆ ಅಟ್ಟದೆ ಬೆಳಗಾಗುವವರೆಗೆ ಮಲಗಲು ಒಂದು ಹಾಸಿಗೆಯನ್ನು ಆಸ್ಪತ್ರೆ ಕೊಡಬೇಕು.